ಹತ್ತೊಂಬತ್ತನೇ ನಂಬರಿನ ಮಣ್ಣು

ಆ ಶನಿವಾರ ಬೆಳಿಗ್ಗೆ ಕ್ಲೆಮ್ ಲೇಡ್ಲರ್ ನಲ್ಲಿಯ ಹತ್ತಿರ ಹೋಗದೆ ಇದ್ದಿದ್ದರೆ ಅವನ ಗ್ರಹಚಾರ ಇನ್ನೊಂದಷ್ಟು ದಿನ ಸುಮ್ಮನಿರುತ್ತಿತ್ತು. ಅಕ್ಟೋಬರಿನಲ್ಲಿ ನಮ್ಮ ಕಡೆ ತೋಟಕ್ಕೆ ನೀರು ಹೊರುವ ಕೆಲಸ ಯಾರಿಗೂ ಇಲ್ಲ, ಬೇಡವೆಂದರೂ ಆಕಾಶವೇ ಹೊಯ್ಯುತ್ತದೆ. ಅವನು ಹೋಗಿದ್ದು ಟೀ ಕಾಯಿಸಲು ಒಂದು ಕೆಟಲ್ ನೀರಿಗೆ. ನಲ್ಲಿಯಡಿ ಬಾಸಿಲ್ ಪರ್ವಿಸ್ ತನ್ನ ಬೂಟು ತೊಳೆಯುತ್ತ ನಿಂತಿದ್ದ.

"ಸಂಜೆ ಐದಕ್ಕೆ ಮೀಟಿಂಗು," ಎಂದ ಪರ್ವಿಸ್.

"ಗೊತ್ತು."

"ಐಸಾಕ್ ಮುದುಕನ ತೋಟ ಯಾರಿಗೆ ಅಂತ ಹೇಳ್ತಾರೆ."

"ಅದೂ ಗೊತ್ತು."

ಪರ್ವಿಸ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನನಗೇ ಬರೋ ಹಾಗಿದೆ ಕಣಯ್ಯ. ಯಾರ ಹತ್ರಾನೂ ಬಾಯಿ ಬಿಡಬೇಡ."

ಕ್ಲೆಮ್ ಕೆಟಲ್ ತುಂಬಿ ಹೊರಚೆಲ್ಲಿ ಬೂಟಿನೊಳಗೆ ನೀರು ಇಳಿಯುವವರೆಗೂ ಹಾಗೇ ನಿಂತಿದ್ದ.

ವಿದರ್‌ಬ್ಯಾಂಕಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಗಂಡಸರಿಗೆ ಉಳಿದಿರುವ ಮರ್ಯಾದೆ ಎರಡೇ ಕಡೆ: ಗಣಿಯ ಹಿಂದೆ ಪುರಸಭೆ ಬಾಡಿಗೆಗೆ ಕೊಡುವ ತೋಟದ ತುಂಡುಗಳಲ್ಲಿ, ಮತ್ತು ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಮೇಜಿನ ಮೇಲೆ ನಡೆಯುವ ಲೀಕ್ ಸ್ಪರ್ಧೆಯಲ್ಲಿ. ಲೀಕ್ ಎಂದರೆ ಈರುಳ್ಳಿಯ ದಾಯಾದಿ. ಬೇರೆ ಊರುಗಳಲ್ಲಿ ಅದನ್ನು ಸೂಪಿಗೆ ಹಾಕುತ್ತಾರೆ. ನಮ್ಮಲ್ಲಿ ಅದನ್ನು ತೋಳಿನ ಗಾತ್ರಕ್ಕೆ ಬೆಳೆಸಿ, ಹಸುಗೂಸಿನಂತೆ ತೊಳೆದು ಒರೆಸಿ, ಅಳೆಸಿ, ಸೋತವರ ಮುಖ ನೋಡುತ್ತಾರೆ. ಕ್ಲೆಮ್ ಈ ಊರಿನ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಸೋತವರ ಸಾಲಿನಲ್ಲಿ ಅವನಿಗೆ ಕಾಯಂ ಜಾಗವಿತ್ತು. ಗೆದ್ದವರ ಜಾಗ ಐಸಾಕ್ ಆರ್ಡ್ ಮುದುಕನದು.

ತಪ್ಪು ಕ್ಲೆಮ್‌ನದಲ್ಲ, ಅವನ ಮಣ್ಣಿನದು. ಅವನ ಹದಿನೆಂಟನೇ ನಂಬರು ಹಳದಿ ಜೇಡಿ. ಬಿಸಿಲು ಬಂದರೆ ಇಟ್ಟಿಗೆ, ಮಳೆ ಬಂದರೆ ಅಂಟು. ಅದರಲ್ಲಿ ನೆಟ್ಟ ಲೀಕು ಹೆಬ್ಬೆರಳ ಗಾತ್ರಕ್ಕೆ ಬಂದು ಅಲ್ಲೇ ಮುನಿಸಿಕೊಂಡು ನಿಲ್ಲುತ್ತಿತ್ತು. ಪಕ್ಕದ ಹತ್ತೊಂಬತ್ತು ಐಸಾಕ್‌ನದು. ಅದೂ ಒಂದು ಕಾಲಕ್ಕೆ ಇದೇ ಜೇಡಿಯೇ, ಆದರೆ ಮುದುಕ ಅದಕ್ಕೆ ಜೀವಮಾನವಿಡೀ ತಿನ್ನಿಸಿದ್ದ. ಈಗ ಅದು ಕಪ್ಪಗೆ ಮೆತ್ತಗೆ, ಹಿಡಿದರೆ ಮುದ್ದೆ, ಬಿಟ್ಟರೆ ಪುಡಿ.

ತಿನ್ನಿಸಿದ್ದು ಐಸಾಕ್ ನಿಜ, ಹೊತ್ತು ತಂದದ್ದು ಮಾತ್ರ ಕ್ಲೆಮ್. ಮುದುಕನ ಸೊಂಟ ಬಿದ್ದ ಮೇಲೆ ಲಾಯದಿಂದ ಕುದುರೆ ಲದ್ದಿ, ಕಡಲ ದಂಡೆಯಿಂದ ಪಾಚಿ, ಚರ್ಚಿನ ಅಂಗಳದಿಂದ ಉದುರೆಲೆ, ಎಲ್ಲ ಇವನೇ ಹೊತ್ತ. ತುರಿಕೆ ಸೊಪ್ಪು ಕೊಳೆಹಾಕಿದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಮೈಯೆಲ್ಲ ನಾರಿ, ಬಸ್ಸಿನ ಮಕ್ಕಳ ಬಾಯಲ್ಲಿ ಹೊಸ ಹೆಸರು ಕಟ್ಟಿಸಿಕೊಂಡ. ಪ್ರತಿ ಸಲವೂ ಮುದುಕ ಕುರ್ಚಿಯಿಂದ ಏಳದೆ ಹೇಳುತ್ತಿದ್ದ: "ಹೊರು ಹುಡುಗಾ, ಹೊರು. ನಾನು ಹೋದ್ಮೇಲೆ ಈ ಮಣ್ಣೆಲ್ಲ ನಿಂದೇ." ಅರವತ್ತು ದಾಟಿದ ಹುಡುಗ ಹೊರುತ್ತಿದ್ದ. ಮಾತಿಗೆ ಸಾಕ್ಷಿಯಾಗಿ ಎರೆಹುಳು ಹೆಕ್ಕುವ ಕೆಂಪೆದೆಯ ಪುಟ್ಟ ಹಕ್ಕಿಯೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ. ಸ್ಪರ್ಧೆಗೆ ವಾರವಿರುವಾಗ ಐಸಾಕ್ ತೀರಿಕೊಂಡ. ಕ್ಲೆಮ್ ತೋಟಕ್ಕೆ ಅರ್ಜಿ ಹಾಕಿದ. ಕೆಳಗಡೆ ರೈಲು ಹಳಿಯ ಪಕ್ಕ ಸದಾ ನೀರು ನಿಲ್ಲುವ ನಾಲ್ಕನೇ ನಂಬರಿನ ಪರ್ವಿಸ್ ಕೂಡ ಹಾಕಿದ. ಪರ್ವಿಸ್ ತೋಟ ಹಂಚುವ ಸಮಿತಿಯವರಿಗೆಲ್ಲ ಟೀ ಮಾಡಿಕೊಡುವವನು, ನಗುವವನು. ಕ್ಲೆಮ್‌ಗೆ ಎರಡೂ ಬಾರದು.

"ತೋಟ ಅವನು ತಗೊಳ್ಲಿ," ಎಂದು ಕ್ಲೆಮ್ ನಲ್ಲಿಯಿಂದ ವಾಪಸು ಬಂದು ತನ್ನ ಖಾಲಿ ಶೆಡ್ಡಿಗೆ ಹೇಳಿದ. "ಮಣ್ಣು ಮಾತ್ರ ಬಿಡಲ್ಲ. ಅದು ನನ್ನ ಬೆನ್ನಿನ ಮಣ್ಣು."

ಆದರೆ ಸಮಿತಿಯ ತಗಡಿನ ಶೆಡ್ಡಿನ ಬಾಗಿಲ ಮೇಲೆ ಎಂಟನೇ ನಿಯಮ ಬಿಳಿ ಬಣ್ಣದಲ್ಲಿ ಬರೆದಿತ್ತು: ಬೇರೆಯವರ ತುಂಡಿನ ಮಣ್ಣು ತೆಗೆದವರು ಅಂದೇ ತೋಟದಿಂದ ಹೊರಕ್ಕೆ. ಆದ್ದರಿಂದ ಕ್ಲೆಮ್ ಎರಡು ತುಂಡುಗಳ ನಡುವಿನ ಬೇಲಿಯ ಎರಡು ಹಲಗೆ ಕಿತ್ತು, ಮರೆಯಲ್ಲಿ ಬಕೆಟ್ಟಿನಿಂದ ಶುರುಮಾಡಿದ. ಕಪ್ಪು ಮಣ್ಣು ಇತ್ತ ಬರತೊಡಗಿತು. ಹಕ್ಕಿ ಐಸಾಕ್‌ನ ಬೇಲಿಯ ಮೇಲೆ ಕುಳಿತು ತಲೆ ಓರೆಮಾಡಿ ನೋಡಿತು.

"ಏನಪ್ಪಾ ಇದು?"

ಪರ್ವಿಸ್! ಕ್ಲೆಮ್ ಕೈಯಿಂದ ಸಲಿಕೆ ಜಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಮಣ್ಣಾದ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಏನಿಲ್ಲ, ಸ್ವಲ್ಪ... ಕ್ಲೀನು. ಮುದುಕ ಹಳೇದೆಲ್ಲ ಗುಡ್ಡೆ ಹಾಕಿ ಹೋಗ್ಬಿಟ್ಟಿದಾನೆ. ಮುಂದೆ ಬರೋರಿಗೆ ಅಚ್ಚುಕಟ್ಟಾಗಿರಲಿ ಅಂತ."

"ಮುಂದೆ ಬರೋರಿಗೆ," ಎಂದು ಪರ್ವಿಸ್ ನಿಧಾನವಾಗಿ ಹೇಳಿದ. ಅವನ ಮುಖದಲ್ಲಿ ಒಂಥರಾ ಭಕ್ತಿ ಮೂಡಿತು. "ನಿನ್ನಂಥೋರು ಸಿಗಲ್ಲ ಕಣೋ ಕ್ಲೆಮ್. ಆದ್ರೆ ಬಕೆಟ್ಟಲ್ಲಿ ಯಾವಾಗ ಮುಗಿಯತ್ತೆ? ತಡಿ, ನನ್ನ ತಳ್ಳುಗಾಡಿ ತರ್ತೀನಿ. ದೊಡ್ಡದು."

ತಂದೇಬಿಟ್ಟ. ಗಾಡಿ ಹೂತುಕೊಳ್ಳದಿರಲೆಂದು ಹಲಗೆಯನ್ನೂ ಹಾಸಿಕೊಟ್ಟ. ಸಲಹೆಯನ್ನಂತೂ ಕೇಳದೆಯೇ ಕೊಟ್ಟ. "ಹಂಗೇ ಮೇಲೆ ಚೆಲ್ಲಬೇಡ ಮಾರಾಯ, ಮಳೆಗೆ ಕೊಚ್ಚಿಹೋಗತ್ತೆ. ನಿನ್ನ ಜೇಡಿ ಅಗೆದು ಆಚೆ ತೆಗಿ, ಆ ಗುಂಡಿಗೆ ಇದನ್ನ ತುಂಬು. ಮಾಡೋ ಕೆಲಸ ನೆಟ್ಟಗೆ ಮಾಡ್ಬೇಕು."

ಪರ್ವಿಸ್ ಬೆನ್ನು ತಿರುಗಿಸಿದ ಮೇಲೆ ಕ್ಲೆಮ್‌ಗೆ ನಗು ತಡೆಯಲಾಗಲಿಲ್ಲ. ತನಗೆ ಸಿಗಲಿರುವ ಮಣ್ಣನ್ನು ಸಾಗಿಸಲು ತಾನೇ ಗಾಡಿ ಕೊಟ್ಟು ಹೋದ ಪುಣ್ಯಾತ್ಮ! ತುಂಬ ವರ್ಷದ ಮೇಲೆ ಅವನು ನಕ್ಕದ್ದು ಅದು, ಪಕ್ಕೆ ಹಿಡಿದುಕೊಂಡಿತು.

ಮಧ್ಯಾಹ್ನದ ಹೊತ್ತಿಗೆ ಅವನ ಹೆಂಡತಿ ಡೊರೀನ್ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದಳು. ಬೇಲಿಯ ತೂತು, ಕಪ್ಪು ಮಣ್ಣು, ಗಂಡನ ಕೆಂಪು ಮುಖ, ಮೂರನ್ನೂ ಒಂದೇ ನೋಟಕ್ಕೆ ಓದಿಕೊಂಡಳು.

"ಕದೀತಿದೀಯಾ?"

"ನಂದು ನಾನು ತಗೋತಿದೀನಿ."

"ಐದು ಗಂಟೆ ತನಕ ತಡ್ಕೋಬಾರ್ದಾ? ನಿಂಗೇ ಸಿಕ್ರೆ?"

"ನನಗೆ ಯಾವತ್ತು ಏನು ಸಿಕ್ಕಿದೆ ಹೇಳು!"

"ನಾನು ಕಿಟಕಿ ಹತ್ರ ಒಂದು ಹೂಕುಂಡಕ್ಕೆ ಮಣ್ಣು ತಂದ್ಕೊಡು ಅಂತ ಕೇಳಿ ಎಷ್ಟು ವರ್ಷ ಆಯ್ತು," ಎಂದಳು. "ಅವತ್ತು ಬೆನ್ನು ನೋವು ಅಂದೆ." ಪೊಟ್ಟಣವನ್ನು ಲದ್ದಿಯ ಗುಡ್ಡೆಯ ಮೇಲಿಟ್ಟು ಹೊರಟುಹೋದಳು.

ಆಮೇಲೆ ಕಾಣಿಸಿದ್ದು ನಿಜವಾದ ಕಷ್ಟ. ಹತ್ತೊಂಬತ್ತನೇ ನಂಬರು ಮೊಣಕಾಲಿನಷ್ಟು ಕುಸಿದು ಕುಳಿತಿತ್ತು. ಕುರುಡನಿಗೂ ಕಾಣುವಂಥ ಹಳ್ಳ. ಕ್ಲೆಮ್ ತಲೆ ಕೆರೆದುಕೊಂಡ. ಇತ್ತ ನೋಡಿದರೆ ಅಗೆದು ತೆಗೆದ ತನ್ನದೇ ಜೇಡಿ ಗುಡ್ಡದಂತೆ ಬಿದ್ದಿತ್ತು. ಸರಿ, ಬರುವಾಗ ಕಪ್ಪು, ಹೋಗುವಾಗ ಹಳದಿ! ಗಾಡಿ ಎರಡೂ ಕಡೆ ತುಂಬಿ ಓಡಾಡಿತು. ಬಸ್ಸು ಓಡಿಸಿದಷ್ಟು ದಿನವೂ ಎರಡೂ ಟ್ರಿಪ್ಪಿಗೆ ಹೀಗೆ ಸೀಟು ತುಂಬಿದ್ದಿಲ್ಲ. ಜೇಡಿಯ ಒಂದೊಂದು ಹೆಂಟೆಯನ್ನೂ ಅವನು ಪ್ರೀತಿಯಿಂದ ಹತ್ತೊಂಬತ್ತಕ್ಕೆ ಎಸೆದ. "ತಿನ್ನು ಪರ್ವಿಸ್, ತಿನ್ನು. ಇಷ್ಟು ವರ್ಷ ನಾನು ತಿಂದೆ." ಮೇಲೆ ಕಾಣುವಷ್ಟಕ್ಕೆ ಎರಡು ಬೆರಳು ಕಪ್ಪು ಮಣ್ಣು ಹರಡಿ, ಕುಂಟೆ ಎಳೆದ. ನೋಡಿದವರು ಐಸಾಕ್ ಈಗಷ್ಟೇ ಎದ್ದು ಹೋದ ಎನ್ನಬೇಕು.

ಕುಂಟೆ ಕೆಳಗಿಡುವಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಮಿಸೆಸ್ ಥರ್ಲ್‌ವೆಲ್ ನಾಯಿಯ ಸಮೇತ ಬಂದುಬಿಟ್ಟರು. ಆಕೆ ಬಂದರೆ ಕಳೆಗಿಡಗಳೂ ನೆಟ್ಟಗೆ ನಿಲ್ಲುತ್ತವೆಂದು ನಮ್ಮಲ್ಲಿ ಮಾತಿದೆ. ನಾಯಿ ಸೀದಾ ಹತ್ತೊಂಬತ್ತಕ್ಕೆ ನುಗ್ಗಿ ಕೆದಕತೊಡಗಿತು. ಎರಡು ಬೆರಳಿನ ಕಪ್ಪು ಹಾರಿ ಹಳದಿ ಇಣುಕಿತು. ಕ್ಲೆಮ್ ಹೋಗಿ ಅದರ ಮೇಲೆಯೇ ಕುಕ್ಕರಿಸಿದ.

"ಏನಾಯ್ತು ಮಿಸ್ಟರ್ ಲೇಡ್ಲರ್?"

"ಬೆನ್ನು, ಮೇಡಂ. ಸ್ವಲ್ಪ ಕ್ಲೀನ್ ಮಾಡ್ತಿದ್ದೆ... ಐಸಾಕ್‌ನ ನೆನಪಿಗೆ."

ಮಿಸೆಸ್ ಥರ್ಲ್‌ವೆಲ್ ಕಣ್ಣು ಒದ್ದೆಯಾಯಿತು. ಹಾಗಾದದ್ದನ್ನು ಅವರ ಗಂಡನೂ ನೋಡಿರಲಿಕ್ಕಿಲ್ಲ. "ಐದಕ್ಕೆ ತಪ್ಪದೆ ಬನ್ನಿ," ಎಂದು, ಅರ್ಥಗರ್ಭಿತವಾಗಿ ನಕ್ಕು, ನಾಯಿಯನ್ನು ಎಳೆದುಕೊಂಡು ಹೋದರು. ಕ್ಲೆಮ್ ಎದ್ದು ನಾಯಿ ಕೆದಕಿದ ಜಾಗದ ಮೇಲೆ ಮತ್ತೆ ಕಪ್ಪು ಎಳೆದ.

ಐದು ಗಂಟೆಗೆ ತಗಡಿನ ಶೆಡ್ಡು ತುಂಬಿತ್ತು. ಪರ್ವಿಸ್ ಎಲ್ಲರಿಗೂ ಟೀ ಹಂಚುತ್ತಿದ್ದ. ಕ್ಲೆಮ್‌ಗೆ ಕೊಡುವಾಗ ಒಂದು ಬಿಸ್ಕತ್ತು ಹೆಚ್ಚು ಇಟ್ಟ.

ಮಿಸೆಸ್ ಥರ್ಲ್‌ವೆಲ್ ಎದ್ದು ನಿಂತರು. "ಐಸಾಕ್ ಆರ್ಡ್ ಅವರ ಮಣ್ಣು ಈ ಊರಿನ ಆಸ್ತಿ. ಅದನ್ನ ಯಾರು ಬೆನ್ನು ಮುರಿದು ಬೆಳೆಸಿದ್ರು ಅನ್ನೋದನ್ನ ಸಮಿತಿ ನೋಡಿಲ್ಲ ಅಂತ ತಿಳ್ಕೋಬೇಡಿ. ಇವತ್ತು ಮಧ್ಯಾಹ್ನ ಕೂಡ ನನ್ನ ಕಣ್ಣಾರೆ ನೋಡ್ದೆ. ಹತ್ತೊಂಬತ್ತನೇ ನಂಬರು ಮಿಸ್ಟರ್ ಕ್ಲೆಮೆಂಟ್ ಲೇಡ್ಲರ್ ಅವರಿಗೆ!"

ಚಪ್ಪಾಳೆ ಬಿತ್ತು. ಯಾರೋ ಬೆನ್ನು ತಟ್ಟಿದರು, ನೋಯುವ ಜಾಗಕ್ಕೇ. ಕ್ಲೆಮ್‌ನ ಬಾಯಲ್ಲಿದ್ದ ಬಿಸ್ಕತ್ತು ಜೇಡಿಯಾಗಿ ಅಂಗುಳಕ್ಕೆ ಅಂಟಿಕೊಂಡಿತು. ಜೀವಮಾನದಲ್ಲಿ ಮೊದಲ ಸಲ ಅವನು ಗೆದ್ದಿದ್ದ.

"ಬೇಡ," ಎಂದ ಅವನು. "ನಾನು... ನನಗೆ ಹದಿನೆಂಟೇ ಸಾಕು. ಅಭ್ಯಾಸ ಆಗಿದೆ."

"ವಿನಯ ನೋಡಿ!" ಎಂದರು ಮಿಸೆಸ್ ಥರ್ಲ್‌ವೆಲ್. "ಆದ್ರೆ ಒಬ್ಬರಿಗೆ ಒಂದೇ ತುಂಡು, ಹೊಸದು ಬಂದ್ರೆ ಹಳೇದು ಬಿಟ್ಟ ಹಾಗೆ. ಗುರುವಾರವೇ ತೀರ್ಮಾನ ಆಯ್ತು. ಹದಿನೆಂಟು ಪಾಪ ಮಿಸ್ಟರ್ ಪರ್ವಿಸ್‌ಗೆ. ಬರೀ ಜೇಡಿ ಅಂತ ಗೊತ್ತಿದ್ರೂ ಸಂತೋಷವಾಗಿ ಒಪ್ಕೊಂಡ್ರು."

ಕ್ಲೆಮ್ ಬಾಯಿ ತೆರೆದ. ಸತ್ಯ ನಾಲಿಗೆಯ ತುದಿಯವರೆಗೆ ಬಂತು. ಎದುರಿಗೆ, ತೆರೆದಿಟ್ಟ ಬಾಗಿಲ ಮೇಲೆ, ಎಂಟನೇ ನಿಯಮ ಬೆಳ್ಳಗೆ ಹೊಳೆಯುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡ. ಹೇಳಿದರೆ ತೋಟ, ಮಣ್ಣು ಎರಡೂ ಹೋಗುತ್ತವೆ, ಹೇಳದಿದ್ದರೆ ಮಣ್ಣು ಒಂದೇ ಹೋಗುತ್ತದೆ.

ಹೊರಗೆ ಬೆಳಕು ಇಳಿಯುತ್ತಿತ್ತು. ಕ್ಲೆಮ್ ತನ್ನ ಹೊಸ ತೋಟದಲ್ಲಿ ಮಂಡಿಯೂರಿ ಒಂದು ಹಿಡಿ ಮಣ್ಣು ತೆಗೆದ. ಹಿಡಿದರೆ ಮುದ್ದೆ. ಬಿಟ್ಟರೂ ಮುದ್ದೆ. ಬಾಳಿನುದ್ದಕ್ಕೂ ಯಾವುದರಿಂದ ತಪ್ಪಿಸಿಕೊಳ್ಳಲು ಒದ್ದಾಡಿದ್ದನೋ ಅದನ್ನು ಒಂದು ಹೆಂಟೆಯೂ ಬಿಡದೆ ತಾನೇ ಹೊತ್ತು ತಂದು ಹಾಸಿಕೊಂಡಿದ್ದ. ಅವನಿಗೆ ಅಳು ಬಂತು. ಇಂಥದ್ದಕ್ಕೆ ಅಳು ಬಾರದಿದ್ದರೆ ಇನ್ಯಾವುದಕ್ಕೆ ಬರಬೇಕು?

ಬೇಲಿಯ ಆಚೆ ಪರ್ವಿಸ್ ಬಂದು ನಿಂತ. ಕಪ್ಪು ಮಣ್ಣಿನೊಳಗೆ ಬೂಟಿನ ತುದಿ ಊರಿದ. ಕಣಕಾಲಿನವರೆಗೆ ಸಲೀಸಾಗಿ ಇಳಿಯಿತು.

"ಆಳವಾಗೇ ತುಂಬಿದೀಯ," ಎಂದ.

"ಗುರುವಾರವೇ ಗೊತ್ತಿತ್ತಾ ನಿನಗೆ?"

"ಮೀಟಿಂಗಿಗೆ ಟೀ ಕೊಡೋನು ನಾನಲ್ವಾ." ಪರ್ವಿಸ್ ಕಿತ್ತ ಎರಡು ಹಲಗೆಗಳನ್ನು ಎತ್ತಿ ಬೇಲಿಗೆ ಹೊಂದಿಸಿ, ಜೇಬಿನಿಂದ ಮೊಳೆ ತೆಗೆದ. ಮೊಳೆಯನ್ನೂ ತಂದಿದ್ದ. "ಬೇಜಾರು ಮಾಡ್ಕೋಬೇಡ ಕ್ಲೆಮ್. ಆ ಜೇಡಿಗೆ ಕುದುರೆ ಲದ್ದಿ ಹಾಕು, ಕಡಲ ಪಾಚಿ ಹಾಕು, ಎಲೆ ಹಾಕು. ನಿಧಾನಕ್ಕೆ ಒಳ್ಳೇದಾಗತ್ತೆ. ನನ್ನ ಗಾಡಿ ಇದ್ಯಲ್ಲ, ಬೇಕಾದಷ್ಟು ದಿನ ಇಟ್ಕೋ."

ಕೆಂಪೆದೆಯ ಹಕ್ಕಿ ಕ್ಲೆಮ್‌ನ ಕಾಲ ಬಳಿ ಇಳಿದು, ಜೇಡಿಯನ್ನು ಎರಡು ಸಲ ಕುಟುಕಿ ನೋಡಿತು. ಆಮೇಲೆ ಬೇಲಿ ಹಾರಿ ಪರ್ವಿಸ್‌ನ ಕಡೆ ಹೋಯಿತು. ಪರ್ವಿಸ್ ಕೊನೆಯ ಮೊಳೆ ಹೊಡೆದ.