ಟವೆಲ್ ಹಾಕಿ ಹಿಡಿದ ಸಬ್ಜೆಕ್ಟು

ಕೆಲವರಿಗೆ ನಾಯಿಗಳು ಬೆನ್ನು ಹತ್ತುತ್ತವೆ, ನನಗೆ ಮಾಸ್ತರರು. ಎಲ್ಲಿ ತಪ್ಪಿಸಿಕೊಂಡು ಹೋದರೂ ಅಲ್ಲೇ ಎದುರಾಗುತ್ತಾರೆ.

ಮೂರನೇ ಸಲಕ್ಕೆ ಪಿಯುಸಿ ಪಾಸಾದಾಗ ಅವ್ವ ಒಂದೇ ಮಾತು ಹೇಳಿದ್ದಳು: "ಡಿಗ್ರ್ಯಾಗ ಒಂದು ಸಬ್ಜೆಕ್ಟ್ ಹೋದ್ರೂ ದೇವದುರ್ಗಕ್ಕ ನಡಿ. ನಿಮ್ಮ ಮಾಮನ ಪಂಚರ್ ಅಂಗಡ್ಯಾಗ ಜಾಗ ಅದ." ಮಾಮ ಆಗಲೇ ನನ್ನ ಅಳತೆಗೆ ಖಾಕಿ ಅಂಗಿ ಹೊಲಿಸಿ ಇಟ್ಟಿದ್ದ. ಆ ಅಂಗಿಯ ಭಯವೇ ನನ್ನನ್ನು ಮಾನ್ವಿಯಿಂದ ರಾಯಚೂರಿನ ಕಾಲೇಜಿಗೆ ಓಡಿಸಿದ್ದು.

೧. ಗುಮಾಸ್ತರ ಕಿಟಕಿ

ಅರ್ಜಿ ಹಿಡಿದು ನಿಂತವನೇ ಕೇಳಿದೆ: "ಸರ್, ಹಾಜರಿ ಕಮ್ಮಿ ಕೇಳೋ ಸಬ್ಜೆಕ್ಟ್ ಯಾವುದ್ರಿ?"

ಗುಮಾಸ್ತರು ನನ್ನ ಅಂಕಪಟ್ಟಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ತಮ್ಮಾ, ಈ ಮಾರ್ಕ್ಸಿಗೆ ನೀ ಸಬ್ಜೆಕ್ಟ್ ಆರಿಸೋದಲ್ಲ. ಯಾವುದಾರ ಒಂದು ಸಬ್ಜೆಕ್ಟು ದೊಡ್ಡ ಮನಸ್ಸು ಮಾಡಿ ನಿನ್ನ ಆರಿಸಬೇಕು."

೨. ಕ್ಯಾಂಟೀನಿನ ಸಂಶೋಧನೆ

ಸೀನಿಯರ್ ಒಬ್ಬನಿಗೆ ಮಿರ್ಚಿ ಭಜಿ ತಿನ್ನಿಸಿ ಒಳಗುಟ್ಟು ಕೇಳಿದೆ. ಅರ್ಥಶಾಸ್ತ್ರದ ಮೇಡಮ್ಮು ಕ್ಲಾಸಿನ ಮೊದಲಿಗೊಮ್ಮೆ, ಕೊನೆಗೊಮ್ಮೆ ಹಾಜರಿ ಕೂಗುತ್ತಾರಂತೆ. ಅದು ಬೇಡ.

"ಇತಿಹಾಸ ತಗೋಲೇ," ಎಂದ ಸೀನಿಯರ್. "ಆ ಸರ್ ದಿನಾ ಹೊರಗಿನ ಊರಿಂದ ಬಸ್ಸಿಗೆ ಬರ್ತಾರ. ಬಸ್ ಕೆಟ್ರ ಕ್ಲಾಸೇ ಇಲ್ಲ."

ಯಾವ ಊರಿಂದ ಎಂದು ಕೇಳಬೇಕಿತ್ತು. ಭಜಿ ಖಾಲಿಯಾಗಿತ್ತು, ಕೇಳಲಿಲ್ಲ.

೩. ಕಿಟಕಿ ಸೀಟು

ಮೊದಲ ದಿನ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ಒಳಗೆ ಹೋಗಿ ನೋಡಿದರೆ ಹಿರಿಯರೊಬ್ಬರು ಕೂತಿದ್ದಾರೆ, ನನ್ನ ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡು.

"ಕಾಕಾ, ಟವೆಲ್ ಕಾಣಲಿಲ್ಲೇನ್ರಿ?"

"ಕಾಣ್ತಪ್ಪಾ, ಅದಕ್ಕ ಮಡಚೀನಿ. ಬಾ, ಬಾಜೂಕ ಕೂಡು. ಏನ್ ಓದ್ತಿ?"

"ಇತಿಹಾಸ ತಗೊಂಡೀನ್ರಿ. ಆ ಸರ್ ಬಸ್ಸಿಗೆ ಬರ್ತಾರಂತ. ದೇವರ ದಯದಿಂದ ವಾರಕ್ಕ ಎರಡು ಸಲ ಬಸ್ ಕೆಟ್ರ ಸಾಕು."

"ಹೌದೌದು," ಎಂದು ಕಾಕಾ ತಲೆಯಾಡಿಸಿದರು.

ರಾಯಚೂರಿನಲ್ಲಿ ಇಳಿಯುವ ಗದ್ದಲದಲ್ಲಿ ಟವೆಲ್ ಅವರ ಹತ್ತಿರವೇ ಉಳಿಯಿತು. ಒಂದು ತಾಸಿನ ಮೇಲೆ ಕ್ಲಾಸಿಗೆ ಬಂದ ಸರ್ ಡಸ್ಟರ್ ಹುಡುಕಿದರು, ಸಿಗಲಿಲ್ಲ. ಹೆಗಲ ಮೇಲಿನ ನನ್ನ ಟವೆಲ್ ತೆಗೆದು ಬೋರ್ಡು ಒರೆಸಿದರು.

೪. ಕರಾರು

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಸರ್ ಹೇಳಿದರು: "ನನಗ ಗದ್ದಲದಾಗ ಹತ್ತಾಕ ಆಗಲ್ಲ. ನೀ ಸೀಟು ಹಿಡಿ, ನಾ ಪಾಠ ಹೇಳ್ತೀನಿ."

ಹೀಗೆ ಕಾಲೇಜಿನಲ್ಲಿ ಎಲ್ಲರಿಗೂ ಒಂದು ಕ್ಲಾಸು, ನನಗೆ ಎರಡು. ನಿದ್ದೆ ಬಂದಂತೆ ನಟಿಸಿದರೆ ಕಂಡಕ್ಟರೇ ಎಬ್ಬಿಸುತ್ತಿದ್ದ: "ಏಳಲೇ, ಯುದ್ಧ ಯಾರು ಗೆದ್ರು ನನಗೂ ತಿಳೀಬೇಕು."

೫. ಪಂಚರ್

ನನ್ನ ಹರಕೆಗೆ ಒಂದು ದಿನ ಫಲ ಸಿಕ್ಕಿತು. ಕಲ್ಲೂರಿನ ಹತ್ತಿರ ಬಸ್ ಪಂಚರ್ ಆಯಿತು. ಟಯರ್ ಬಿಚ್ಚಲು ಓಡಿದ ನನ್ನನ್ನು ಸರ್ ಕರೆದರು: "ಪಂಚರ್ ಬೇಕೋ, ಪಾಠ ಬೇಕೋ?"

ಖಾಕಿ ಅಂಗಿ ಕಣ್ಣ ಮುಂದೆ ಬಂತು. ಸುಮ್ಮನೆ ಬೇವಿನ ಗಿಡದ ಕೆಳಗೆ ಕೂತೆ.

"ರಾಯಚೂರಿಗಾಗಿ ಅರಸರು ಯಾಕ ಅಷ್ಟು ಬಡಿದಾಡಿದ್ರು?"

ನಾನು ಗಿಡ ನೋಡಿದೆ. ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದ ಅಜ್ಜಿ ಅಂದಳು: "ಎರಡು ಹೊಳಿ ನಡುವಿನ ಭೂಮಿ. ಯಾವ ಮಳ್ಳ ಬಿಡ್ತಾನ?"

"ಶಾಬಾಸ್ ಯವ್ವಾ! ಇವತ್ತ ಇವನ ಹಾಜರಿ ನಿನಗ," ಎಂದರು ಸರ್.

೬. ಫಲಿತಾಂಶ

ಕೊನೆಯ ವರ್ಷದ ಪರೀಕ್ಷೆಗೆ ಅದೇ ಪ್ರಶ್ನೆ ಬಂತು. ಅಜ್ಜಿಯ ಮಾತನ್ನೇ ಎಳೆದು ನಾಲ್ಕು ಪುಟ ಬರೆದೆ. ಮಳ್ಳ ಅನ್ನೋದನ್ನು ಮಾತ್ರ ಬಿಟ್ಟೆ. ಎಲ್ಲ ಸಬ್ಜೆಕ್ಟೂ ಪಾಸು! ಖಾಕಿ ಅಂಗಿಯನ್ನು ಮಾಮ ತಾನೇ ಹಾಕಿಕೊಂಡ. ಗುಂಡಿ ಹತ್ತಲಿಲ್ಲ.

ಅವ್ವ ಬಸ್ ಸ್ಟ್ಯಾಂಡಿಗೇ ಬಂದು ಸರ್‌ಗೆ ಕೈಮುಗಿದಳು. "ಯಪ್ಪಾ, ಇವನ್ನ ದಾರಿಗೆ ಹಚ್ಚಿದ್ರಿ. ನಿಮ್ಮ ಋಣ ಮರಿಯಂಗಿಲ್ಲ." ನಾನೂ ಬಗ್ಗಿ ಸರ್ ಕಾಲು ಮುಟ್ಟಿದೆ. ಖರೇನ ಮುಟ್ಟಿದೆ, ಬಸ್ಸಿನ ನಿದ್ದೆಯಂಗ ನಾಟಕ ಅಲ್ಲ.

ಸರ್ ಟವೆಲಿನಿಂದ ಕಣ್ಣೊರೆಸಿಕೊಂಡು ಅಂದರು: "ನಂದೊಂದೇ ಚಿಂತಿ ಯವ್ವಾ. ಇಂವ ಹಿಂಗ ಪಾಸಾಗಿ ಹೋಗಿಬಿಟ್ರ, ಮುಂದ ನನಗ ಸೀಟು ಹಿಡಿಯೋರು ಯಾರು?"

ಅವ್ವ ತಡಮಾಡಲಿಲ್ಲ. "ಚಿಂತಿ ಬಿಡ್ರಿ ಸರ್. ಮನ್ಯಾಗ ಇವನ ತಮ್ಮ ಅದಾನ. ಅಂವ ಇವನಕಿಂತ ದಡ್ಡ, ಭಾಳ ವರ್ಷ ಬರ್ತಾನ."