ಗದ್ದ ಎತ್ತಿಸುವ ಮಾವ

ನನ್ನ ಸೋದರಮಾವ ಜನರ ಮುಖ ನೋಡಿ ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಅವನು ನೋಡುತ್ತಿದ್ದುದು ಗದ್ದವನ್ನು! ಎದುರಿದ್ದವರ ಗದ್ದ ಅರ್ಧ ಅಂಗುಲ ಮೇಲಿದ್ದರೆ ಅವನಿಗೆ ಊಟ ಸೇರದು, ಕೆಳಗಿದ್ದರೆ ನಿದ್ದೆ ಬಾರದು. ಶರಾವತಿ ದಾಟುವ ಲಾಂಚಿನಲ್ಲಿ ತೂಕಡಿಸುತ್ತಿದ್ದ ಅಪರಿಚಿತರೊಬ್ಬರ ಗದ್ದಕ್ಕೆ ಬೆರಳು ಕೊಟ್ಟು ಎತ್ತಿ, "ಹಾಂ, ಈಗ ಸರಿ ಆತು. ಅಲ್ಲಾಡಬೇಡಿ" ಎಂದವನು! ಹೊಡೆತ ತಿನ್ನದೆ ದಡ ಸೇರಿದ್ದು ಅವನ ಪುಣ್ಯ.

ತಪ್ಪು ಅವನದಲ್ಲ, ಕೆಲಸದ್ದು. ಅರವತ್ತರ ದಶಕದ ಕೊನೆಗೆ ಹೊನ್ನಾವರದ ಹಲ್ಲಿನ ಡಾಕ್ಟರೊಬ್ಬರು ಮುಂಬಯಿಯಿಂದ ಒಂದು ಎಕ್ಸ್‌ರೇ ಯಂತ್ರ ತರಿಸಿದ್ದರು. ಅದು ಕೂತವರ ತಲೆಗೆ ಪ್ರದಕ್ಷಿಣೆ ಹಾಕಿ, ಎರಡೂ ದವಡೆಯ ಅಷ್ಟೂ ಹಲ್ಲುಗಳನ್ನು ಒಂದೇ ಉದ್ದನೆಯ ಫಿಲ್ಮಿನಲ್ಲಿ ಸಾಲಾಗಿ ನಿಲ್ಲಿಸುತ್ತಿತ್ತು. ಮುಂಬಯಿಯಲ್ಲಿ ಆ ವಿದ್ಯೆ ಕಲಿತು ಬಂದಿದ್ದ ಮಾವನೇ ಅದರ ಅರ್ಚಕ. "ಗದ್ದ ಎತ್ತಿದರೆ ಹಲ್ಲಿನ ಸಾಲು ಅಳುಮುಖ ಮಾಡ್ತದೆ, ತಗ್ಗಿಸಿದರೆ ನಗ್ತದೆ. ಎರಡೂ ಸುಳ್ಳು! ನೆಟ್ಟಗೆ ಕೂತರೆ ಮಾತ್ರ ಸತ್ಯ" ಎನ್ನುತ್ತಿದ್ದ. ಈ ಹಟಕ್ಕೆ ಕಾರಣವೂ ಇತ್ತು. ಮುಂಬಯಿಯಲ್ಲಿ ಅವನು ತೆಗೆದ ಒಂದು ಓರೆ ಚಿತ್ರವನ್ನು ನಂಬಿ, ಅಲ್ಲಿಯ ಡಾಕ್ಟರು ಗಿರಣಿ ಕೆಲಸಗಾರನೊಬ್ಬನ ಗಟ್ಟಿ ಹಲ್ಲನ್ನೇ ಕಿತ್ತಿದ್ದರಂತೆ. ತಪ್ಪು ಚಿತ್ರ ಒಂದೂ ತನ್ನ ಕೈಯಲ್ಲಿ ಉಳಿಯಬಾರದೆಂದು ಮಾವ ಅಂದೇ ಆಣೆ ಮಾಡಿದ್ದ. ಕೆಟ್ಟದ್ದನ್ನು ಕತ್ತರಿಸಿ ಎಸೆದು, ಮತ್ತೆ ತೆಗೆಯುತ್ತಿದ್ದ.

ಆದರೆ ನಮ್ಮ ಜನ ನೆಟ್ಟಗೆ ಕೂರುವವರೇ? ಯಾಣದ ಕಡೆಯ ಅಜ್ಜಿಯೊಬ್ಬಳು, ಯಂತ್ರ ತಲೆಯ ಸುತ್ತ ತಿರುಗತೊಡಗಿದ್ದೇ, ತನಗೆ ದೃಷ್ಟಿ ತೆಗೆಯುತ್ತಿದ್ದಾರೆಂದು ತಿಳಿದು, ದವಡೆ ಅಲ್ಲಾಡದಂತೆ ಕಚ್ಚಿಕೊಂಡಿದ್ದ ಹತ್ತಿಯ ಸಮೇತ ಥೂ ಥೂ ಥೂ ಎಂದು ಮೂರು ಸಲ ಉಗಿದಳು! ಮಾವ ಹತ್ತಿ ಬದಲಾಯಿಸಿ, "ಅಜ್ಜಿ, ದೃಷ್ಟಿ ಹೋಯ್ತು. ಇನ್ನು ಹಲ್ಲು ನೋಡುವ" ಎಂದ.

ನಾಲಿಗೆ ಅಂಗುಳಕ್ಕೆ ಅಂಟಿರದಿದ್ದರೆ ಮೇಲಿನ ಹಲ್ಲುಗಳ ಬೇರಿನ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ಜಾಲಿ ಊರಿನ ಬಟ್ಟೆ ವ್ಯಾಪಾರಿಯೊಬ್ಬರ ನಾಲಿಗೆಯೋ, ಹುಟ್ಟಿದಾಗಿನಿಂದ ಸುಮ್ಮನೆ ಕೂತದ್ದಿಲ್ಲ. ಮಾವ ಅವರ ಅಂಗುಳಕ್ಕೆ ಬೆಲ್ಲದ ಚೂರು ಅಂಟಿಸಿ, "ನಾಲಿಗೆಯಲ್ಲಿ ಒತ್ತಿ ಹಿಡೀರಿ. ಬಿದ್ದರೆ ಮತ್ತೆ ಕೊಡೂದಿಲ್ಲ" ಎಂದ. ಡಾಕ್ಟರು ಹೌಹಾರಿದರು.

"ಹಲ್ಲಿನ ದವಾಖಾನೆಯಲ್ಲಿ ಬೆಲ್ಲ ಎಂತಕ್ಕೆ ಮಾರಾಯ?"

"ಚಿತ್ರ ಚೊಕ್ಕ ಬರ್ತದೆ. ಹಲ್ಲು ಹುಳುಕಾದರೆ ನೀವಿದ್ದೀರಲ್ಲ!"

ಹೆಂಗಸರ ಜೊತೆಗಿನ ಯುದ್ಧವೇ ಬೇರೆ. ಮೈಮೇಲೆ ಲೋಹವಿದ್ದರೆ ಚಿತ್ರ ಕೆಡುತ್ತದೆ. "ಗಂಡ ಬದುಕಿರೂವಾಗ ಕರಿಮಣಿ ಬಿಚ್ಚೂದಾ?" ಎಂದು ಕುಮಟೆಯ ಹೆಂಗಸೊಬ್ಬಳು ಎದ್ದೇ ಹೊರಟಳು. ಮರುದಿನದಿಂದ ಮಾವನ ಮೇಜಿನಲ್ಲಿ ಅರಿಶಿನ ಕೊಂಬು ಕಟ್ಟಿದ ದಾರಗಳು ಬಂದವು. ಮೊದಲು ಅದನ್ನು ಕೊರಳಿಗೆ ಕಟ್ಟಿಕೊಳ್ಳುವುದು, ಆಮೇಲೆ ಕರಿಮಣಿ ತೆಗೆಯುವುದು. "ಅರಿಶಿನ ಎಕ್ಸ್‌ರೇಗೆ ಕಾಣೂದಿಲ್ಲ, ದೇವರಿಗೆ ಕಾಣ್ತದೆ. ಆತಾ?" ಆತು! ಯಾವ ಹೆಂಗಸೂ ಮತ್ತೆ ತಕರಾರು ಮಾಡಲಿಲ್ಲ.

ಊರೆಲ್ಲ ಗೆದ್ದವನು ಸೋತದ್ದು ಮನೆಯಲ್ಲಿ. ಅವನ ಹೆಂಡತಿ, ನಮ್ಮ ಅತ್ತೆ, ಗಂಡನೆದುರು ಗದ್ದ ಎತ್ತಿದವಳೇ ಅಲ್ಲ. ಅಷ್ಟು ನಾಚಿಕೆ! ಫೋಟೋ ಎಂದರೆ ಸಾಕು, ಹಿತ್ತಲಿಗೆ ಓಟ. ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ನಂಬಿಕೆ. ಅಂಥವಳ ದವಡೆಯಲ್ಲೊಂದು ಗಂಟು ಎದ್ದಿತು. ಡಾಕ್ಟರು ಮುಟ್ಟಿ ನೋಡಿ, "ಸರಿಯಾದ ಚಿತ್ರ ಬೇಕು. ಅದನ್ನು ಹಿಡಿದು ನಾಳೆಯೇ ಹುಬ್ಬಳ್ಳಿಗೆ ಹೋಗಬೇಕು" ಎಂದರು.

ನಾನು ಅಂದು ಭಟ್ಕಳದಿಂದ ಬಂದು ಜೊತೆಗಿದ್ದೆ. ಅರಿಶಿನದ ದಾರವನ್ನು ಮಾವನೇ ಕಟ್ಟಿದ. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಮತ್ತೆ ತಾಳಿ ಕಟ್ಟಿಸಿಕೊಂಡವಳಂತೆ ಅತ್ತೆ ಕೆಂಪಾದಳು.

"ಗದ್ದ ಎತ್ತು ಮಾರಾಯ್ತಿ!"

ಎತ್ತಿದಳು. ಯಂತ್ರ ಹೊರಟಿತು. ಗುಂಡಿ ಒತ್ತಲು ನಿಲ್ಲುವ ಮರೆಯ ಕಿಂಡಿಯಿಂದ ಅವನು ಇಣುಕಿದ್ದೇ ತಡ, ತಗ್ಗಿಸಿದಳು. "ನೀವು ಹಾಗೆ ನೋಡಬೇಡಿ, ನನಗೆ ನಾಚಿಕೆ ಆಗ್ತದೆ" ಎಂದಳು, ಅಷ್ಟು ನೋವಿನಲ್ಲೂ. ಎರಡನೆಯ ಸಲ ಮಾವ ಗೋಡೆಗೆ ಮುಖ ಮಾಡಿ ಗುಂಡಿ ಒತ್ತಿದ. ಚಿತ್ರ ನೆಟ್ಟಗೆ ಬಂತು. ಹುಬ್ಬಳ್ಳಿಯವರು ಅದನ್ನು ನೋಡಿ ತಲೆ ಅಲ್ಲಾಡಿಸಿದರು. ಮುಂದಿನ ಮಳೆಗಾಲವನ್ನು ಅತ್ತೆ ಕಾಣಲಿಲ್ಲ.

ವರ್ಷಾಂತಿಕದ ದಿನ ಎಡೆಯ ಮುಂದಿಡಲು ಅವಳ ಫೋಟೋ ಹುಡುಕಿದೆವು. ಮನೆಯಲ್ಲಿ ಒಂದೂ ಇರಲಿಲ್ಲ. ಮಾವ ಒಳಗೆ ಹೋಗಿ, ಪೆಟ್ಟಿಗೆಯಿಂದ ಉದ್ದನೆಯ ಫಿಲ್ಮೊಂದನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದ. ಗದ್ದ ತಗ್ಗಿಸಿದ್ದ ಆ ಮೊದಲನೆಯ ಚಿತ್ರ! ಹಲ್ಲಿನ ಸಾಲು ಈ ಕಿವಿಯಿಂದ ಆ ಕಿವಿಯವರೆಗೆ ನಗುತ್ತಿತ್ತು.

"ಮಾವ, ಇದು ತಪ್ಪು ಚಿತ್ರ ಅಲ್ವಾ? ಕತ್ತರಿಸಿ ಎಸೀಲಿಲ್ವಾ?"

"ತಪ್ಪೇ" ಎಂದ. ಅಭ್ಯಾಸಬಲದಿಂದ ಅವನ ಬೆರಳು ಫಿಲ್ಮಿನಲ್ಲಿದ್ದ ಗದ್ದದ ಕೆಳಗೆ ಹೋಯಿತು. ನನಗೆ ಅಳು ತಡೆಯಲಾಗಲಿಲ್ಲ. ಅವನು ಮೆಲ್ಲಗೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ.

"ಎತ್ತೂದು ಬೇಡ. ಹೀಗೇ ಇರಲಿ."