ಕಚೇರಿಗೆ ಹೋದ ಕರಿಬೇವು

"ಕರಿಬೇವು ಮನೀಗೆ ತರ್ರಿ. ಅದರ ಹುಳಿ ಮಜ್ಜಿಗಿ ಕಟ್ಟಿ ಮ್ಯಾಲ ಐತಿ. ನೀವು ಕುಡೀಬ್ಯಾಡ್ರಿ."

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಬೇರೆಯವರು ಆ ಹೊತ್ತಿನಲ್ಲಿ ದೇವರ ಹೆಸರು ಹೇಳುತ್ತಾರೆ. ನಮ್ಮದು ಎಲ್ಲಾ ಹಿಂಗೇ.

ಗಿಡದ ಪಾಲು

ಭಾಂಡುಪ್‌ನ ಚಾಳಿನಲ್ಲಿ ನಮ್ಮದೊಂದು ಕೋಣೆ. ಗ್ಯಾಲರಿಯಲ್ಲಿ ಎಣ್ಣೆ ಡಬ್ಬಿಯೊಳಗೆ ಅವಳ ಕರಿಬೇವು. ಮಜ್ಜಿಗೆ ಹುಳಿ ಬರಿಸಿ ಬುಡಕ್ಕೆ ಹಾಕುವಳು. ಒಮ್ಮೆ ಡ್ಯೂಟಿಯಿಂದ ಬಂದೆ. ಬಾಯಾರಿತ್ತು. ತಂಬಿಗೆ ಎತ್ತಿ ಕುಡಿದುಬಿಟ್ಟೆ. ಹಲ್ಲು ಜುಮ್ಮೆಂದವು.

"ಗಿಡದ ಬಾಯಾಂದು ಕಸಗೊಂಡ್ರಲ್ಲ!"

"ನನಗೇನಾರ ಆದ್ರ?"

"ಏನಾಗ್ತದ? ಚಿಗೀತೀರಿ."

ಗಾಡಿ ಇಲ್ಲದ ಡ್ರೈವರ್

ನಾನು ರೈತರಿಗೆ ಸಲಹೆ ಕೊಡುವ ಕಚೇರಿಯ ಡ್ರೈವರ್. ಸರ್ಕಾರದಲ್ಲಿ ದುಡ್ಡಿಲ್ಲ ಅಂತ ಮೂರು ಕಚೇರಿ ಕೂಡಿಸಿ ಬಾಂದ್ರಾದಲ್ಲಿ ಒಂದು ಮಾಡಿದರು. ಜೀಪು ಹರಾಜಾಯಿತು. ನಾನು ಉಳಿದೆ.

"ಕುದರಿ ಹೋತು, ಲಗಾಮು ಹಿಡದು ಕುಂತೀರಿ" ಅಂದಳು ಹೆಂಡತಿ.

ಸಾಹೇಬರು ಬೆಳಗಾವಿ ಕಡೆಯವರು. ಪಾಲಕ್ ಬೆಳೆಯುವವರ ಹೊಲಕ್ಕೆ ಇಬ್ಬರೂ ಲೋಕಲ್ ರೈಲಿನಲ್ಲಿ ಹೊರಟೆವು. ಅವರು ಕೂತು ತೂಕಡಿಸಿದರು. ನಾನು ನಿಂತಿದ್ದೆ. ಸ್ಟೇಷನ್ ಬಂತು, ಲೋಕಲ್ ಜೋರಾಗಿ ಜಗ್ಗಿತು.

"ಬ್ರೇಕ್ ಹಿಂಗ್ಯಾಕ ಒತ್ತತೀಯೋ?" ಅಂದರು ಕಣ್ಣು ಮುಚ್ಚಿಕೊಂಡೇ.

"ತಪ್ಪಾತ್ರಿ ಸಾಹೇಬ್ರ" ಅಂದೆ. ರೂಢಿ.

ಪಕ್ಕದಲ್ಲಿದ್ದವನು ಬಗ್ಗಿ ನನ್ನ ಕಾಲ ಕೆಳಗೆ ನೋಡಿದ.

ಸರ್ಕಾರದ ತೋಟ

ರೈತರಿಗೆ ತೋರಿಸಲು ಒಂದು ಮಾದರಿ ತೋಟ ಇತ್ತು. ಅದನ್ನೂ ತೆಗೆದರು. ಬೋರ್ಡು ಮಾತ್ರ ಉಳಿಯಿತು. ದೊಡ್ಡ ಸಾಹೇಬರು ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. "ಮನೀಂದ ಒಂದು ಗಿಡ ತಾರೋ" ಅಂದರು ನಮ್ಮ ಸಾಹೇಬರು.

"ಸಂಜೀಗೆ ವಾಪಸ್ ತರ್ರಿ" ಅಂತ ಹೇಳಿ ಅವಳು ಡಬ್ಬಿ ಕೊಟ್ಟಳು.

ಗಿಡದ ಹಿಂದೆ ಬೋರ್ಡು ನಿಲ್ಲಿಸಿದೆವು. ಬೋರ್ಡೇ ದೊಡ್ಡದು. ದೊಡ್ಡ ಸಾಹೇಬರು ಸುತ್ತ ನೋಡಿದರು.

"ತೋಟ ಎಲ್ಲಿ?"

"ಇದೇ ಸರ್."

"ಶಾಭಾಸ್! ಖರ್ಚು ಉಳಿಸೀರಿ."

ಡಬ್ಬಿಗೆ ಸರ್ಕಾರದ ನಂಬರ್ ಹಚ್ಚಿಸಿ ಹೋದರು. ಗಿಡ ಸರ್ಕಾರದ್ದಾಯಿತು.

"ನನ್ನ ಗಿಡ?" ಅಂತ ಅವಳು ದಿನಾ ಕೇಳುವಳು.

"ನಾಳೆ."

"ನಿಮ್ಮ ಸರ್ಕಾರದಾಗ ನಾಳೆ ಯಾವಾಗ ಬರ್ತದ?"

ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದಳು.

ಒಣಗಿದ ಗಿಡ

ಅವಳನ್ನು ಮಣ್ಣು ಮಾಡಿ ಬಂದ ಮರುದಿನ ಮುಂಜಾನೆ ಕಚೇರಿಗೆ ಹೋದೆ. ಮಣ್ಣಿಗೆ ಬಂದಿದ್ದ ನೆಂಟರು ಬೇಡ ಅಂದರು. ಹೋದೆ.

"ಸಾಹೇಬ್ರ, ಗಿಡ ಒಯ್ತೀನ್ರಿ. ಆಕಿ ಹೇಳ್ಯಾಳ."

ಸಾಹೇಬರು ನನ್ನ ನೋಡಿದರು. ಡಬ್ಬಿಯ ನಂಬರ್ ನೋಡಿದರು.

"ಒಣಗಿ ಹೋತು ಅಂತ ಮ್ಯಾಲ ಹೇಳ್ತೀನಿ. ಒಯ್ಯಿ."

ಗಿಡ ಹಸಿರಾಗಿತ್ತು. ಹೊಸ ಚಿಗುರು ಬೇರೆ. ಎತ್ತಿಕೊಂಡು ಬಾಗಿಲಿಗೆ ಬಂದೆ. ಹಿಂದಿನಿಂದ ಕೂಗಿದರು.

"ಏ, ಒಣಗಿದ್ದು ಒಯ್ದಂಗ ಒಯ್ಯೋ! ತಲಿ ತಗ್ಗಸು!"

ತಲೆ ಮೊದಲೇ ತಗ್ಗಿತ್ತು.

ದಾದರಿನಲ್ಲಿ ಗಾಡಿ ಬದಲಿಸಿ ಮನೆಗೆ ತಂದೆ. ಗ್ಯಾಲರಿಯಲ್ಲಿ ಅದರ ಜಾಗದಲ್ಲೇ ಇಟ್ಟೆ. ಕಟ್ಟೆ ಮೇಲೆ ಅವಳು ಇಟ್ಟ ಮಜ್ಜಿಗೆ ತಂಬಿಗೆ ಹಾಗೇ ಇತ್ತು. ಬುಡಕ್ಕೆ ಹಾಕಿದೆ.

ಬಾಯಾರಿತ್ತು. ನಾನು ಕುಡಿಯಲಿಲ್ಲ.